ಒಂಟಿ ಪದರದ ಟಂಗ್‌ಸ್ಟನ್ ಡೈಸಲ್ಫೈಡ್: ಎಕ್ಸಿಟಾನ್ ಬೆಳಕನ್ನು ನಾನು ಅಳೆಯುವ ಬಗೆ

ಟಂಗ್‌ಸ್ಟನ್ ಡೈಸಲ್ಫೈಡ್‌ನ ದಪ್ಪ ಹರಳು ಲೇಸರ್ ತಾಗಿಸಿದಾಗ ಮರಳಿ ಬೆಳಕು ಕೊಡುವುದು ತೀರಾ ಕಡಿಮೆ. ಸುಲಿದು ಸುಮಾರು 0.7 ನ್ಯಾನೊಮೀಟರ್ ದಪ್ಪದ ಒಂದೇ ಪದರಕ್ಕೆ ತಂದರೆ, ಅದೇ ವಸ್ತು ಕೋಣೆಯ ಉಷ್ಣಾಂಶದಲ್ಲೇ ಕಿತ್ತಳೆಗೆಂಪಾಗಿ ಹೊಳೆಯುತ್ತದೆ. ಒಂಟಿ ಪದರದಲ್ಲಿ ಬ್ಯಾಂಡ್ ಅಂತರ (ಎಲೆಕ್ಟ್ರಾನು ದಾಟಬೇಕಾದ ಶಕ್ತಿಯ ಅಂತರ) ನೇರವಾಗುತ್ತದೆ, ಅಂದರೆ ಎಲೆಕ್ಟ್ರಾನು ಹರಳಿನ ಕಂಪನದ ನೆರವಿಲ್ಲದೆ ಕೆಳಗಿಳಿದು ಬೆಳಕು ಕೊಡಬಲ್ಲದು. ಎಲೆಕ್ಟ್ರಾನು ಮತ್ತು ರಂಧ್ರದ (ಎಲೆಕ್ಟ್ರಾನು ಬಿಟ್ಟುಹೋದ ಖಾಲಿ ಜಾಗದ) ಜೋಡಿ, ಅಂದರೆ ಎಕ್ಸಿಟಾನ್, ನೂರಾರು ಮಿಲಿ ಎಲೆಕ್ಟ್ರಾನ್‌ವೋಲ್ಟ್ ಬಿಗಿಯಲ್ಲಿ ಕಟ್ಟಿಕೊಂಡಿರುತ್ತದೆ. ಕೋಣೆಯ ಶಾಖದ 25 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಅದನ್ನು ಬಿಡಿಸಲಾರದು.

ಹರಳನ್ನು ಟೇಪಿಗೆ ಅಂಟಿಸಿ ನಾಲ್ಕೈದು ಸಲ ಮಡಚಿ ಬಿಡಿಸುತ್ತೇನೆ. ಹೆಚ್ಚು ಮಡಚಿದರೆ ಚೂರುಗಳು ಪುಡಿಯಾಗುತ್ತವೆ. ಟೇಪಿನಿಂದ ಸಿಲಿಕೋನ್ ಜೆಲ್ ಹಾಳೆಗೆ, ಅಲ್ಲಿಂದ 285 ನ್ಯಾನೊಮೀಟರ್ ಆಕ್ಸೈಡ್ ಇರುವ ಸಿಲಿಕಾನ್ ಚಿಪ್ಪಿಗೆ. ಈ ದಪ್ಪದ ಮೇಲೆ ಒಂಟಿ ಪದರ ಸೂಕ್ಷ್ಮದರ್ಶಕಕ್ಕೆ ಮಸುಕಾಗಿಯಾದರೂ ಕಾಣುತ್ತದೆ. ಜೆಲ್ ಹಾಳೆಯನ್ನು ಬಲು ನಿಧಾನಕ್ಕೆ ಎತ್ತಬೇಕು. ಅವಸರಪಟ್ಟರೆ ಪದರ ಸುಕ್ಕುಗಟ್ಟುತ್ತದೆ. ಸುಕ್ಕಿನ ಮೇಲೆ ಪದರ ಹಿಗ್ಗಿರುವುದರಿಂದ ಅಲ್ಲಿ ಪೀಕ್, ಅಂದರೆ ಬೆಳಕು ಅತಿ ಹೆಚ್ಚಿರುವ ತರಂಗಾಂತರ, ಕೆಂಪಿನ ಕಡೆಗೆ ಸರಿಯುತ್ತದೆ.

ಅಳತೆಗೆ 532 ನ್ಯಾನೊಮೀಟರ್ ಲೇಸರ್, 100 ಪಟ್ಟಿನ ಲೆನ್ಸ್, ಲೇಸರಿನ ಬಣ್ಣವನ್ನು ತಡೆಯುವ ಫಿಲ್ಟರ್, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ, ಮಿಲಿಮೀಟರಿಗೆ 300 ಗೀರಿನ ಗ್ರೇಟಿಂಗ್. ಪೀಕ್ ಸುಮಾರು 617 ನ್ಯಾನೊಮೀಟರ್‌ನಲ್ಲಿ, ಅಂದರೆ 2.01 ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಬರುತ್ತದೆ. ಎರಡು ಪದರವಾದರೆ ಬೆಳಕು ಕುಸಿದು 700 ದಾಟಿ ಅಗಲವಾದ ಇನ್ನೊಂದು ಉಬ್ಬು ಏಳುತ್ತದೆ. ಈ ವಸ್ತುವಿನಲ್ಲಿ ಪದರ ಎಣಿಸಲು ರಾಮನ್‌ಗಿಂತ (ಚದುರಿದ ಬೆಳಕಿನಿಂದ ಹರಳಿನ ಕಂಪನ ಓದುವ ವಿಧಾನ) ಇದನ್ನೇ ನಾನು ನಂಬುವುದು. ಹಸಿರು ಲೇಸರಿನಲ್ಲಿ ಪ್ರತಿ ಸೆಂಟಿಮೀಟರಿಗೆ 350ರ ಆಸುಪಾಸಿನ ಎರಡು ರಾಮನ್ ಗೆರೆಗಳು ಒಂದರ ಮೇಲೊಂದು ಬಿದ್ದು ಅಂತರ ಓದುವುದು ಕಷ್ಟ.

ಎಡವುವುದು ಹೆಚ್ಚಾಗಿ ಲೇಸರಿನ ಬಲದಲ್ಲಿ. ಮಾದರಿಯ ಮೇಲೆ ಬೀಳುವ ಬಲವನ್ನು ಲೆನ್ಸ್ ದಾಟಿದ ಮೇಲೇ ಅಳೆಯಬೇಕು. ನಾನು 1 ಮೈಕ್ರೋವಾಟ್‌ನಿಂದ ಶುರುಮಾಡಿ, ದುಪ್ಪಟ್ಟು ಮಾಡುತ್ತಾ ಹೋಗಿ, ಕೊನೆಗೆ ಮತ್ತೆ 1ಕ್ಕೆ ಇಳಿದು ನೋಡುತ್ತೇನೆ. ಮೊದಲ ಮತ್ತು ಕೊನೆಯ ಸ್ಪೆಕ್ಟ್ರಮ್ ಹೊಂದದಿದ್ದರೆ ಆ ಚುಕ್ಕೆಯ ಅಂಕಿಗಳೆಲ್ಲ ಕಸ. ಬಲ ದುಪ್ಪಟ್ಟಾದರೂ ಬೆಳಕು ದುಪ್ಪಟ್ಟಾಗದಿದ್ದರೆ ಎಕ್ಸಿಟಾನ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬೆಳಕಿಲ್ಲದೆ ನಶಿಸುತ್ತಿವೆ ಎಂದರ್ಥ. ಆಗಿನ ಅಂಕಿಯಿಂದ ಕ್ವಾಂಟಮ್ ಇಳುವರಿ (ಹೀರಿದ ಫೋಟಾನ್‌ಗಳಲ್ಲಿ ಎಷ್ಟು ಬೆಳಕಾಗಿ ಮರಳುತ್ತವೆ ಎಂಬುದು) ಲೆಕ್ಕ ಹಾಕಿದರೆ ನಿಜಕ್ಕಿಂತ ಕಡಿಮೆ ಬರುತ್ತದೆ.

ಪೀಕ್‌ನ ಕೆಂಪು ಬದಿಯಲ್ಲಿ ಭುಜದಂತೆ ಕಾಣುವುದು ಸಾಮಾನ್ಯವಾಗಿ ಟ್ರಯಾನ್, ಹೆಚ್ಚುವರಿ ಎಲೆಕ್ಟ್ರಾನು ಅಂಟಿದ ಎಕ್ಸಿಟಾನ್, ಸುಮಾರು 629 ನ್ಯಾನೊಮೀಟರ್‌ನಲ್ಲಿ. ಗಾಳಿಯಲ್ಲಿ ಆಮ್ಲಜನಕ ಮತ್ತು ನೀರಾವಿ ಪದರದ ಮೇಲೆ ಕೂತು ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುತ್ತವೆ. ನಿರ್ವಾತಕ್ಕೆ ಹಾಕಿದೊಡನೆ ಅವು ಬಿಟ್ಟುಹೋಗಿ ಟ್ರಯಾನ್ ಬೆಳೆಯುತ್ತದೆ, ಒಟ್ಟು ಬೆಳಕು ತಗ್ಗುತ್ತದೆ. ಮಾದರಿ ಕೆಟ್ಟಿತೆಂದು ಎಸೆಯಬೇಡಿ, ಮತ್ತೆ ಗಾಳಿಗೆ ತೆರೆದು ನೋಡಿ. ಗಾಳಿ ಮತ್ತು ಬೆಳಕು ಎರಡೂ ಸೇರಿದರೆ ಮಾತ್ರ ಅಂಚಿನಿಂದ ನಿಜವಾದ ಆಕ್ಸಿಡೀಕರಣ ಶುರುವಾಗುತ್ತದೆ. ಹಾಗಾಗಿ ಸುಲಿದ ದಿನವೇ ಅಳೆಯುತ್ತೇನೆ. ಆಗದಿದ್ದರೆ ಚಿಪ್ಪು ಸಾರಜನಕ ತುಂಬಿದ ಪೆಟ್ಟಿಗೆಯೊಳಗೆ, ಕತ್ತಲಲ್ಲಿ.