ಎರಡು ಹಾರ್ಪ್ಸಿಕಾರ್ಡ್‌ನ ರೆಕಾರ್ಡಿಂಗ್: ಟೆಂಪೋ, ಕೀ, ಮೂಡ್ ಗುರುತಿಸುವುದು ಹೇಗೆ?

ಸೌಂಡ್ ಎಡಿಟಿಂಗ್ ನನ್ನ ಕೆಲಸ. ಯಾವ ಸಂಗೀತ ಕೈಗೆ ಬಂದರೂ ಲೈಬ್ರರಿಗೆ ಹಾಕುವ ಮೊದಲು ಮೂರು ಕಾಲಂ ತುಂಬುತ್ತೇನೆ: ಟೆಂಪೋ (ವೇಗ), ಕೀ (ಷಡ್ಜ ಯಾವುದು, ಮೇಜರ್ರೋ ಮೈನರ್ರೋ), ಮೂಡ್ (ಭಾವ). ಸಿನಿಮಾ ಹಾಡಾದರೆ ಸಾಫ್ಟ್‌ವೇರೇ ತುಂಬಿಬಿಡುತ್ತದೆ, ನಾನು ಸುಮ್ನೆ ಓಕೆ ಒತ್ತುತ್ತೇನೆ. ಬರೋಕ್ ಕಾಲದ (ಸುಮಾರು 1600ರಿಂದ 1750) ಸಂಗೀತವನ್ನು ಎರಡು ಹಾರ್ಪ್ಸಿಕಾರ್ಡ್‌ಗಳಲ್ಲಿ, ಅಂದರೆ ಪಿಯಾನೋಗಿಂತ ಹಳೆಯ ಕೀಬೋರ್ಡ್ ವಾದ್ಯಗಳಲ್ಲಿ, ನುಡಿಸಿದ ರೆಕಾರ್ಡಿಂಗ್ ಬಂದರೆ ಮಾತ್ರ ಅದು ಹೇಳುವ ಮೂರನ್ನೂ ನಂಬಬೇಡಿ. ಕಿವಿಯಿಂದಲೇ ತುಂಬಿ.

ಬಾಖ್‌ನ ಸಿ ಮೇಜರ್ ಕನ್ಸರ್ಟೋ, ಬಿಡಬ್ಲ್ಯುವಿ 1061 (ಬಾಖ್ ಕೃತಿಗಳ ಪಟ್ಟಿಯಲ್ಲಿ ಅದರ ಸಂಖ್ಯೆ) ಇಟ್ಟುಕೊಂಡು ನೋಡೋಣ. ಬೇರೆ ವಾದ್ಯಗಳಿಲ್ಲದೆ ಬರೀ ಎರಡು ಹಾರ್ಪ್ಸಿಕಾರ್ಡ್‌ಗೆ ಇರುವ ರೂಪ 1061ಎ. ನಮಗೆ ಬೇಕಾದದ್ದು ಅದೇ. ಒಟ್ಟು ಮೂರು ಭಾಗ. ನಡುವಿನದು ಎ ಮೈನರ್‌ನಲ್ಲಿ ನಿಧಾನವಾಗಿ ಸಾಗುತ್ತದೆ, ಕೊನೆಯದು ಫ್ಯೂಗ್, ಅಂದರೆ ಒಂದೇ ರಾಗದ ಸಾಲನ್ನು ಒಂದರ ಹಿಂದೊಂದು ದನಿ ಎತ್ತಿಕೊಳ್ಳುವ ರಚನೆ.

ಮೊದಲು ಕೀ ಹಿಡಿಯಿರಿ. ಮೊದಲ ಭಾಗದ ಕೊನೆಯ ಸ್ವರಗುಚ್ಛವನ್ನು ಕತ್ತರಿಸಿ ಲೂಪ್ ಹಾಕಿ. ಫೋನಿನಲ್ಲಿ ತಂಬೂರಿ ಆ್ಯಪ್ ಇದೆ ಅಲ್ವಾ? ಅದರ ಶ್ರುತಿ ಏರಿಳಿಸುತ್ತಾ ಹೋಗಿ. ಎಲ್ಲಿ ಎರಡೂ ಒಂದಾಗಿ ಕೂರುತ್ತವೋ ಅದೇ ಷಡ್ಜ. ಆಮೇಲೆ ಗಾಂಧಾರ ನೋಡಿ. ಶಂಕರಾಭರಣದ ಗಾಂಧಾರವಾದರೆ ಮೇಜರ್, ಕೀರವಾಣಿಯದಾದರೆ ಮೈನರ್. ಒಂದು ಎಚ್ಚರ: ಆ ಕಾಲದ ಎಷ್ಟೋ ಮೈನರ್ ರಚನೆಗಳು ಕಟ್ಟಕಡೆಗೆ ಮೇಜರ್ ಗಾಂಧಾರದಲ್ಲಿ ನಿಲ್ಲುತ್ತವೆ. ಅದಕ್ಕೆ ಷಡ್ಜ ಸಿಕ್ಕ ಮೇಲೆ ಶುರುವಿನ ಸಾಲನ್ನೂ ಒಮ್ಮೆ ಕೇಳಿ. ನಡುವಿನ ಅರ್ಧ ನಿಮಿಷ ಮಾತ್ರ ಕೇಳಿ ನಿರ್ಧರಿಸಬೇಡಿ. ಅಷ್ಟು ಹೊತ್ತಿಗೆ ಸಂಗೀತ ಬೇರೆ ಕೀಗೆ ಹೋಗಿರುತ್ತದೆ.

ಈಗ ತಮಾಷೆ. ಕವರ್ ಮೇಲೆ ಸಿ ಮೇಜರ್ ಅಂತ ಇದೆ, ನಿಮ್ಮ ತಂಬೂರಿ ಬಿ ಅನ್ನುತ್ತಿದೆ. ಎರಡೂ ಸರಿ. ಇವತ್ತು ಪಿಯಾನೋದ ಎ ಸ್ವರಕ್ಕೆ 440 ಹರ್ಟ್ಸ್ ಇಡುತ್ತಾರೆ. ಬರೋಕ್ ನುಡಿಸುವವರು ಸಾಮಾನ್ಯವಾಗಿ 415ಕ್ಕೆ ಇಡುತ್ತಾರೆ. ಅಂದರೆ ಅರ್ಧ ಸ್ವರ ಕೆಳಗೆ. ಫ್ರೆಂಚ್ ಸಂಗೀತಕ್ಕೆ ಕೆಲವರು 392ಕ್ಕೂ ಇಳಿಸುತ್ತಾರೆ, ಆಗ ಪೂರ್ತಿ ಒಂದು ಸ್ವರ ಕೆಳಗೆ. ಫ್ರಾನ್ಸ್ವಾ ಕೂಪೆರಾನ್ ಎರಡು ಹಾರ್ಪ್ಸಿಕಾರ್ಡ್‌ಗೆ ಬರೆದ ಎ ಮೇಜರ್ ಅಲ್ಮಾಂಡ್ (ಒಂದು ಬಗೆಯ ನೃತ್ಯಸಂಗೀತ) ಹಾಗೆ ನುಡಿಸಿದರೆ ಜಿ ಮೇಜರ್ ಆಗಿ ಕೇಳುತ್ತದೆ. ನಾನು ಕೀ ಕಾಲಂನಲ್ಲಿ ಎರಡನ್ನೂ ಬರೆಯುತ್ತೇನೆ: ‘ಬರೆದದ್ದು ಸಿ, ಕೇಳುವುದು ಬಿ’. ಮೊದಲನೆಯದು ಹುಡುಕುವುದಕ್ಕೆ. ಎರಡನೆಯದು ಮೇಲೆ ಕೊಳಲೋ ಪಿಟೀಲೋ ಸೇರಿಸುವಾಗ ಬೇಕಾಗುತ್ತದೆ.

ಟೆಂಪೋಗೆ ಕಾಲು ತಟ್ಟಿ. 15 ಸೆಕೆಂಡಿನಲ್ಲಿ ಎಷ್ಟು ತಟ್ಟಿದಿರೋ ಅದನ್ನು ನಾಲ್ಕರಿಂದ ಗುಣಿಸಿ. ಮೇಲೆ ಓಡುವ ಸಣ್ಣ ಸ್ವರಗಳಿಗೆ ತಟ್ಟಬೇಡಿ, ಎಡಗೈ ನಡೆಯುವ ಕೆಳಗಿನ ಸ್ವರಗಳಿಗೆ ತಟ್ಟಿ. ಸಾಫ್ಟ್‌ವೇರ್ ಎಡವುವುದು ಇಲ್ಲೇ. ನಾಲ್ಕು ಕೈಗಳು ಸಣ್ಣ ಸ್ವರಗಳನ್ನು ಸುರಿಸುವಾಗ ಅದು ವೇಗವನ್ನು ಎರಡು ಪಟ್ಟು ತೋರಿಸಿಬಿಡುತ್ತದೆ. ನಡುವಿನ ಭಾಗ 6/8. ಅಲ್ಲಿ ಮೂರು ಮೂರು ಸ್ವರಕ್ಕೆ ಒಂದು ತಟ್ಟು, ಒಂದೊಂದಕ್ಕೂ ತಟ್ಟಿದರೆ ಲೆಕ್ಕ ಮೂರು ಪಟ್ಟಾಗುತ್ತದೆ. ಕೊನೆಯ ಕೆಲವು ಸೆಕೆಂಡು ಬಿಟ್ಟುಬಿಡಿ, ಅಲ್ಲಿ ಎಲ್ಲರೂ ನಿಧಾನ ಮಾಡುತ್ತಾರೆ. ಬಂದ ಅಂಕಿ ಈ ರೆಕಾರ್ಡಿಂಗ್‌ನದು, ಬಾಖ್‌ನದಲ್ಲ. ಅವನ ಕಾಲದಲ್ಲಿ ಇವತ್ತಿನ ಮೆಟ್ರೊನೋಮ್ (ಲಯಕ್ಕೆ ಟಿಕ್ ಟಿಕ್ ಅನ್ನುವ ಯಂತ್ರ) ಇರಲಿಲ್ಲ. 1752ರಲ್ಲಿ ಕ್ವಾಂಟ್ಸ್ ಎಂಬ ಕೊಳಲುಗಾರ ನಾಡಿಬಡಿತವನ್ನೇ ಅಳತೆಯಾಗಿಟ್ಟ, ನಿಮಿಷಕ್ಕೆ ಸುಮಾರು 80. ಹಾಗಾಗಿ ಬೇರೆ ಜೋಡಿಯ ರೆಕಾರ್ಡಿಂಗ್ ಸಿಕ್ಕರೆ ಟೆಂಪೋ ಹೊಸದಾಗಿ ಅಳೆಯಿರಿ.

ಮೂಡ್ ಕಾಲಂ ಕಷ್ಟದ್ದು. ಮೇಜರ್ ಅಂದರೆ ಖುಷಿ, ಮೈನರ್ ಅಂದರೆ ದುಃಖ ಅಂತ ಬರೆಯುವುದು ಸೋಮಾರಿತನ. ಸುಮಾರು 1690ರಲ್ಲಿ ಫ್ರಾನ್ಸಿನ ಸಂಗೀತ ರಚನಕಾರ ಶಾರ್ಪಾಂಟಿಯೆ ಯಾವ ಕೀಗೆ ಯಾವ ಭಾವ ಅಂತ ಪಟ್ಟಿಯನ್ನೇ ಮಾಡಿದ್ದ. ಸಿ ಮೇಜರ್ ಉಲ್ಲಾಸದ್ದು, ಯುದ್ಧೋತ್ಸಾಹದ್ದು. ಎ ಮೈನರ್ ಕೋಮಲ, ಅಳಲಿನದು. 1061ಎಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಎಫ್ ಮೇಜರ್ ಅಂದರೆ ಸಿಟ್ಟು! ಪಟ್ಟಿ ಓದಿ, ಕಾಪಿ ಮಾಡಬೇಡಿ.

ನಾನು ನೋಡುವುದು ಬೇರೆ. ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಯನ್ನು ಸಣ್ಣ ಕಡ್ಡಿಯೊಂದು ಮೀಟುತ್ತದೆ. ಬೆರಳನ್ನು ಎಷ್ಟು ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಭಾವವೆಲ್ಲ ಸಮಯದಲ್ಲೇ ಇರುತ್ತದೆ. ಸ್ವರಗುಚ್ಛವನ್ನು ಒಟ್ಟಿಗೆ ಹೊಡೆಯುತ್ತಾರೋ, ಬಿಡಿಸಿ ಸುರಿಯುತ್ತಾರೋ? ಸ್ವರಗಳ ನಡುವೆ ಗಾಳಿ ಇದೆಯೋ, ಅಂಟಿಕೊಂಡಿವೆಯೋ? ಹೆಡ್‌ಫೋನ್ ಹಾಕಿ ಕೇಳಿ. ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಒಂದು ವಾದ್ಯ ಎಡಕ್ಕೆ, ಇನ್ನೊಂದು ಬಲಕ್ಕೆ ಇರುತ್ತದೆ. ಒಂದು ಹೇಳಿದ್ದನ್ನು ಇನ್ನೊಂದು ಕಸಿದುಕೊಳ್ಳುತ್ತದೋ, ಕಾದು ಉತ್ತರ ಕೊಡುತ್ತದೋ? ಮೂಡ್ ತಿಳಿಯುವುದು ಅಲ್ಲಿ.

ನಿರ್ದೇಶಕರು ಕೇಳುವುದು ‘ರಾಯಲ್’ ಅಥವಾ ‘ಭೂತಬಂಗಲೆ’, ಎರಡೇ. ಆ ಮಾತುಗಳನ್ನು ನಾನು ಕಾಲಂಗೆ ಸೇರಿಸುವುದಿಲ್ಲ. ಮೊದಲ ಭಾಗಕ್ಕೆ ‘ಉತ್ಸಾಹ, ಜಿದ್ದಿನ ಮಾತುಕತೆ’, ನಡುವಿನದಕ್ಕೆ ‘ಮೆತ್ತಗೆ, ತೂಗಾಟ, ಒಬ್ಬರಿಗೊಬ್ಬರು ಕಾಯುತ್ತಾರೆ’ ಅಂತ ಬರೆದಿದ್ದೇನೆ. ಮೂರು ಭಾಗಕ್ಕೂ ಬೇರೆ ಬೇರೆ ಫೈಲ್ ಮಾಡಿ. ಇಡೀ ಕನ್ಸರ್ಟೋಗೆ ಒಂದೇ ಟೆಂಪೋ, ಒಂದೇ ಮೂಡ್ ಹಾಕಿದರೆ ಆಮೇಲೆ ಹುಡುಕುವಾಗ ಏನೂ ಸಿಗುವುದಿಲ್ಲ.