ಲೂಸಿಯಾನಾದ ಫ್ರೆಂಚ್: ಹಿರಿಯರನ್ನು ಮಾತಿಗೆಳೆದ ನನ್ನ ಅನುಭವ

ಅಮೆರಿಕದ ಲೂಸಿಯಾನಾ ರಾಜ್ಯದ ಹಿರಿಯರ ಹತ್ತಿರ ಹೋಗಿ 'ನಿಮಗೆ ಫ್ರೆಂಚ್ ಬರುತ್ತಾ?' ಎಂದು ಕೇಳಬಾರದು. ಕೇಳಿದರೆ ಹೆಚ್ಚಿನವರು 'ಬರುತ್ತೆ, ಆದ್ರೆ ಅದು ಸರಿಯಾದ ಫ್ರೆಂಚ್ ಅಲ್ಲ' ಎಂದು ಇಂಗ್ಲಿಷಿನಲ್ಲೇ ಹೇಳಿ ಸುಮ್ಮನಾಗುತ್ತಾರೆ. ಅದರ ಬದಲು, ನಿಮ್ಮ ಚಿಕ್ಕಂದಿನಲ್ಲಿ ಊರವರೆಲ್ಲ ಸೇರಿ ಹಂದಿ ಕಡಿಯುವ ದಿನ ಯಾರ ಪಾಲಿಗೆ ಯಾವ ಕೆಲಸ ಬರುತ್ತಿತ್ತು ಎಂದು ಫ್ರೆಂಚಿನಲ್ಲೇ ಕೇಳಬೇಕು. ಆಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟ. ಇಲ್ಲಿನ ಅಜ್ಜ ಅಜ್ಜಿಯರ ಮಾತನ್ನು ರೆಕಾರ್ಡ್ ಮಾಡುತ್ತಾ ಬಂದ ನನಗೆ ಎಲ್ಲಕ್ಕಿಂತ ಜಾಸ್ತಿ ಕೈಹಿಡಿದಿದ್ದು ಇದೊಂದೇ. ಭಾಷೆಯ ಬಗ್ಗೆ ಕೇಳಬೇಡಿ, ಕೆಲಸದ ಬಗ್ಗೆ ಕೇಳಿ.

ನಾನು ಶಿರಸಿ ಕಡೆಯವಳು. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಫ್ರೆಂಚ್ ಕಲಿತಿದ್ದೆ. ನಮ್ಮನೆಯವರಿಗೆ ಸಮುದ್ರದ ಎಣ್ಣೆ ಬಾವಿಗಳ ಕೆಲಸ ಸಿಕ್ಕಿ ಅಮೆರಿಕದ ದಕ್ಷಿಣದಲ್ಲಿರುವ ಈ ರಾಜ್ಯದ ಲಫಾಯೆಟ್ ಊರಿಗೆ ಬಂದೆವು. ಇಲ್ಲಿನ ಪೇಟೆಯಲ್ಲಿ ಬೀದಿಯ ಹೆಸರುಗಳು ಫ್ರೆಂಚಿನಲ್ಲೂ ಇವೆ. ಅಂಗಡಿ ಬೋರ್ಡುಗಳಲ್ಲಿ ಬ್ರೂಸಾರ್, ತಿಬೊಡೋ, ಎಬೇರ್ ಎಂಬ ಮನೆತನದ ಹೆಸರುಗಳು. ಆದರೆ ಕಿವಿಗೆ ಬೀಳುವುದೆಲ್ಲ ಇಂಗ್ಲಿಷ್.

ಫ್ರೆಂಚ್ ಇಲ್ಲಿಗೆ ಬಂದಿದ್ದು ಒಂದೇ ದಾರಿಯಿಂದಲ್ಲ. 1718ರಲ್ಲಿ ನ್ಯೂ ಆರ್ಲಿಯನ್ಸ್ ಕಟ್ಟಿದವರೇ ಫ್ರೆಂಚರು. 1755ರಿಂದ ಬ್ರಿಟಿಷರು ಇಂದಿನ ಕೆನಡಾದ ನೋವಾ ಸ್ಕೋಶಿಯಾ ಕಡೆಯ ಅಕೇಡಿಯನ್ನರೆಂಬ ಫ್ರೆಂಚ್ ಮಾತಿನ ವಲಸಿಗರನ್ನು ಹಡಗಿಗೆ ತುಂಬಿ ಹೊರಗಟ್ಟಿದರು. ಅವರಲ್ಲಿ ಒಂದು ಗುಂಪು 1765ರಲ್ಲಿ ಜೋಸೆಫ್ ಬ್ರೂಸಾರ್ ಎಂಬ ಮುಂದಾಳಿನ ಜೊತೆ ಇಲ್ಲಿಗೆ ಬಂತು. 1785ರಲ್ಲಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಸುಮಾರು 1,600 ಅಕೇಡಿಯನ್ನರು ಬಂದಿಳಿದರು. ಕೇಜನ್ ಎಂದು ಕರೆಯುವುದು ಇವರ ಸಂತತಿಯನ್ನು. ಇಲ್ಲಿನ ಫ್ರೆಂಚ್ ಎಂದರೆ ಕೇಜನ್ನರದ್ದು ಮಾತ್ರ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಫ್ರೆಂಚನ್ನೂ, ಫ್ರೆಂಚಿನಿಂದ ಹುಟ್ಟಿದ ಕೂರಿ-ವಿನಿ ಎಂಬ ಕ್ರಿಯೋಲ್ ಮಾತನ್ನೂ ಉಳಿಸಿಕೊಂಡರು. ಜೈಡಿಕೊ ಹಾಡುಗಾರಿಕೆಯನ್ನು ಮೆರೆಸಿದ ಕ್ಲಿಫ್ಟನ್ ಶೆನಿಯೇ ಈ ಸಮುದಾಯದವರು. ದಕ್ಷಿಣದ ಜೌಗು ನೆಲದಲ್ಲಿ ಹೂಮಾ, ಪಾಯಿಂಟ್-ಓ-ಶಿಯೆನ್ ಬುಡಕಟ್ಟಿನ ಹಿರಿಯರ ಮನೆಮಾತೂ ಫ್ರೆಂಚೇ. ಯಾರ ಮಾತು ಉಳಿಯಬೇಕು ಎಂದು ಯೋಚಿಸುವಾಗ ಇವರನ್ನು ಬಿಟ್ಟರೆ ಅನ್ಯಾಯ.

ಮಾತು ಕಡಿಮೆಯಾದದ್ದು ತಾನಾಗಿ ಅಲ್ಲ. 1916ರಲ್ಲಿ ಶಾಲೆ ಕಡ್ಡಾಯವಾಯಿತು. 1921ರ ರಾಜ್ಯ ಸಂವಿಧಾನ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಪಾಠ ಎಂದಿತು. ಶಾಲೆಯ ಅಂಗಳದಲ್ಲಿ ಫ್ರೆಂಚ್ ಆಡಿದ ಮಕ್ಕಳಿಗೆ 'ಇನ್ನು ಫ್ರೆಂಚ್ ಮಾತಾಡುವುದಿಲ್ಲ' ಎಂದು ಸಾಲು ಸಾಲು ಬರೆಯುವ ಶಿಕ್ಷೆ. ನನ್ನ ಹತ್ತಿರ ಮಾತಾಡಿದ ಅಜ್ಜಿಯೊಬ್ಬರು ಒಂದನೇ ಕ್ಲಾಸಿಗೆ ಹೋದಾಗ ಇಂಗ್ಲಿಷಿನ ಒಂದು ಮಾತೂ ಬರುತ್ತಿರಲಿಲ್ಲವಂತೆ. ಹೊರಗೆ ಹೋಗಬೇಕು ಎಂದು ಕೇಳಲು ಗೊತ್ತಾಗದೆ ಕೂತಲ್ಲೇ ಒದ್ದೆ ಮಾಡಿಕೊಂಡರಂತೆ. ಎಂಬತ್ತು ದಾಟಿದ ಮೇಲೂ ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಆಮೇಲೆ ಎಣ್ಣೆ ಉದ್ಯಮ ಬಂತು, ಯುದ್ಧಕ್ಕೆ ಹೋದ ಹುಡುಗರು ಇಂಗ್ಲಿಷ್ ಕಲಿತು ಬಂದರು, ಟಿವಿ ಬಂತು. ಆದರೆ ದೊಡ್ಡ ಪೆಟ್ಟು ಬಿದ್ದಿದ್ದು ಮನೆಯೊಳಗೆ. ಆ ಅವಮಾನ ತಮ್ಮ ಮಕ್ಕಳಿಗೆ ಬೇಡ ಎಂದು ಆ ತಲೆಮಾರಿನ ಎಷ್ಟೋ ತಾಯಂದಿರು ಮಕ್ಕಳ ಜೊತೆ ಫ್ರೆಂಚ್ ಆಡುವುದನ್ನೇ ಬಿಟ್ಟರು. ಮಕ್ಕಳಿಗೆ ತಿಳಿಯಬಾರದ ಗುಟ್ಟು ಇದ್ದಾಗ ಮಾತ್ರ ಗಂಡ ಹೆಂಡತಿ ಅದನ್ನು ಬಳಸುತ್ತಿದ್ದರು.

1968ರಲ್ಲಿ ರಾಜ್ಯ ಸರ್ಕಾರ ಫ್ರೆಂಚನ್ನು ಉಳಿಸಿ ಬೆಳೆಸಲು ಕೋಡೋಫಿಲ್ ಎಂಬ ಮಂಡಳಿ ಮಾಡಿತು. ಜೇಮ್ಸ್ ಡೊಮೆಂಜೋ ಅದರ ಮುಂದಾಳು. ಫ್ರಾನ್ಸ್, ಬೆಲ್ಜಿಯಂ, ಕ್ವಿಬೆಕ್‌ನಿಂದ ಟೀಚರುಗಳು ಬಂದರು. ಮಕ್ಕಳು ಕಲಿತ ಫ್ರೆಂಚ್ ಅಜ್ಜಿಯ ಫ್ರೆಂಚಿನ ಹಾಗೆ ಇರಲಿಲ್ಲ ಎಂಬ ದೂರು ಆಗಲೇ ಎದ್ದಿತು, ಅದು ನ್ಯಾಯವಾದ ದೂರೇ. ನಮ್ಮ ಮನೆಯಲ್ಲಿ ಹವ್ಯಕ ಮಾತಾಡಿ ಶಾಲೆಯಲ್ಲಿ ಪುಸ್ತಕದ ಕನ್ನಡ ಆಡುತ್ತಿದ್ದ ನನಗೆ ಅದು ತಕ್ಷಣ ಅರ್ಥವಾಯಿತು. ಆದರೂ ಆ ಟೀಚರುಗಳು ಬರದೇ ಇದ್ದಿದ್ದರೆ ಇವತ್ತು ಎಲ್ಲ ಪಾಠವೂ ಫ್ರೆಂಚಿನಲ್ಲೇ ನಡೆಯುವ ಇಮ್ಮರ್ಶನ್ ಶಾಲೆಗಳು ಇರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಇನ್ನು ನಾನು ಮಾಡಿದ್ದು. ಮೊದಲು ಕಿವಿ ಪಳಗಬೇಕಿತ್ತು. ಇಲ್ಲಿನ ವಿಶ್ವವಿದ್ಯಾಲಯದ ಕೆಆರ್‌ವಿಎಸ್ ರೇಡಿಯೊದಲ್ಲಿ ಫ್ರೆಂಚ್ ಕಾರ್ಯಕ್ರಮಗಳು ಬರುತ್ತವೆ. ಅಡುಗೆ ಮಾಡುತ್ತಾ ಅದನ್ನು ಹಾಕಿಕೊಂಡೆ. ಮಾಮೂ ಎಂಬ ಸಣ್ಣ ಊರಿನ ಫ್ರೆಡ್ಸ್ ಲೌಂಜ್‌ನಲ್ಲಿ ಶನಿವಾರ ಬೆಳಿಗ್ಗೆ ಕೇಜನ್ ಹಾಡು ಕುಣಿತ ಇರುತ್ತದೆ, ಅದು ರೇಡಿಯೊದಲ್ಲಿ ನೇರ ಬರುತ್ತದೆ. ಹಾಡಿನ ನಡುವಿನ ಮಾತು, ಜಾಹೀರಾತು ಕೇಳಿ ಕೇಳಿ ಉಚ್ಚಾರಣೆ ಹಿಡಿತಕ್ಕೆ ಬಂತು.

ಆಮೇಲೆ ಫ್ರೆಂಚ್ ಟೇಬಲ್. ಹಿರಿಯರು ವಾರಕ್ಕೊಮ್ಮೆ ಕಾಫಿಗೆ ಸೇರಿ ಫ್ರೆಂಚ್ ಆಡುವ ಕೂಟ ಇದು. ನಾನು ಬಹಳ ದಿನ ರೆಕಾರ್ಡರ್ ತೆಗೆಯಲಿಲ್ಲ. ಸುಮ್ನೆ ಕೂತು ಕೇಳುತ್ತಿದ್ದೆ, ಅವರ ಜೊತೆ ಬೂರೇ ಎಂಬ ಇಸ್ಪೀಟಾಟ ಕಲಿತೆ. ಆಟ ಬಿಸಿಯಾದಾಗ ಎಣಿಕೆ, ಬೈಗುಳ, ನಗು ಎಲ್ಲ ಫ್ರೆಂಚಿಗೆ ತಿರುಗುತ್ತದೆ. ನಾನು ಫ್ರಾನ್ಸಿನವಳಲ್ಲ ಎಂಬುದು ದೊಡ್ಡ ಅನುಕೂಲವಾಯಿತು. ಪ್ಯಾರಿಸ್‌ನವರ ಎದುರು ಬಾಯಿ ಕಟ್ಟುವವರೂ ನನ್ನ ಹತ್ತಿರ ಧೈರ್ಯವಾಗಿ ಮಾತಾಡಿದರು. ಯಾಕೆಂದರೆ ನನಗೂ ಅದು ಕಲಿತ ಮಾತೇ ಅಲ್ವಾ.

ಒಬ್ಬರನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳುವುದಕ್ಕಿಂತ ಇಬ್ಬರನ್ನು ಒಟ್ಟಿಗೆ ಕೂರಿಸುವುದು ಮೇಲು. ಒಬ್ಬರೇ ಇದ್ದಾಗ ನನಗೆ ತಿಳಿಯಲಿ ಎಂದು ನಿಧಾನವಾಗಿ, ಸೋಸಿ ಮಾತಾಡುತ್ತಾರೆ. ಅಕ್ಕ ತಂಗಿಯರೋ ಹಳೇ ಸ್ನೇಹಿತರೋ ಜೊತೆಗಿದ್ದರೆ ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುತ್ತಾರೆ, ವಾದ ಮಾಡುತ್ತಾರೆ. ಅಲ್ಲಿ ಸಿಗುವ ಫ್ರೆಂಚೇ ಬೇರೆ.

ಎಲ್ಲಕ್ಕಿಂತ ಒಳ್ಳೆಯ ಜಾಗ ಅಡುಗೆಮನೆ. ಪಕ್ಕದ ಬೀದಿಯ ಅಜ್ಜಿ ಗಂಬೋ ಎಂಬ ಇಲ್ಲಿನ ಗಟ್ಟಿ ಸಾರು ಮಾಡುವಾಗ ನಾನು ಹೋಗುತ್ತೇನೆ. ನಾನು ಮಾಂಸ ತಿನ್ನುವುದಿಲ್ಲ ಎಂದು ಅವರಿಗೆ ಗೊತ್ತು, ನನಗೆಂದೇ ಬರೀ ಸೊಪ್ಪಿನ ಗಂಬೋ ಒಂದು ಸಣ್ಣ ಪಾತ್ರೆಯಲ್ಲಿ ಬೇರೆ ಇಡುತ್ತಾರೆ. ಮೊದಲು ರೂ, ಅಂದರೆ ಎಣ್ಣೆಯಲ್ಲಿ ಹುರಿದ ಹಿಟ್ಟು, ಆಗಬೇಕು. ದಪ್ಪ ಕಬ್ಬಿಣದ ಪಾತ್ರೆಗೆ ಎಣ್ಣೆ, ಅಷ್ಟೇ ಅಳತೆಯ ಮೈದಾ. ಸಣ್ಣ ಉರಿ. ಚಪ್ಪಟೆ ತುದಿಯ ಮರದ ಸೌಟಿನಲ್ಲಿ ತಳ ಕೆರೆಯುತ್ತಾ ತಿರುವಬೇಕು, ಅಂಚಿನಲ್ಲಿ ಕೂತಿದ್ದು ಸೀದರೆ ಎಲ್ಲ ಚೆಲ್ಲಿ ಹೊಸದಾಗಿ ಮಾಡಬೇಕು. ಬಿಳಿ ಹಿಟ್ಟು ಮೊದಲು ಹುರಿದ ಶೇಂಗಾ ಬಣ್ಣಕ್ಕೆ ಬರುತ್ತದೆ, ಆಮೇಲೆ ಚಾಕೊಲೇಟ್ ಬಣ್ಣಕ್ಕೆ. ಆಗ ಹೆಚ್ಚಿದ ಈರುಳ್ಳಿ, ಸೆಲರಿ, ದೊಣ್ಣೆಮೆಣಸು ಹಾಕಿದರೆ ಚುಂಯ್ ಎನ್ನುತ್ತದೆ. ಅಷ್ಟೂ ಹೊತ್ತು ಅಜ್ಜಿ ಒಲೆ ಬಿಟ್ಟು ಕದಲುವ ಹಾಗಿಲ್ಲ. ಕೈ ಕೆಲಸದಲ್ಲಿದೆ, ಕಣ್ಣು ಪಾತ್ರೆಯಲ್ಲಿದೆ, ರೆಕಾರ್ಡರ್ ಮರೆತೇ ಹೋಗಿರುತ್ತದೆ. ಹತ್ತಿ ಬಿಡಿಸಲು ಹೋಗುತ್ತಿದ್ದದ್ದು, ಅಪ್ಪ ದೋಣಿಯಲ್ಲಿ ಸಿಗಡಿ ಹಿಡಿದು ತರುತ್ತಿದ್ದದ್ದು, ಅಮ್ಮನ ಜೊತೆ ಫ್ರೆಂಚಿನಲ್ಲಿ ಜಪಮಾಲೆ ಹೇಳುತ್ತಿದ್ದದ್ದು, ಒಂದರ ಹಿಂದೆ ಒಂದು ಬರುತ್ತವೆ.

ಕೆಲವು ಸಣ್ಣ ವಿಷಯಗಳು ಮುಂದೆ ಮಾಡುವವರಿಗೆ ಉಪಯೋಗಕ್ಕೆ ಬರಬಹುದು. ರೆಕಾರ್ಡರ್ ಅಡಿಗೆ ಮಡಚಿದ ಟವೆಲ್ ಇಡುತ್ತೇನೆ, ಪಾತ್ರೆ ಇಟ್ಟ ಸದ್ದು ಮೇಜಿನಿಂದ ಮೈಕಿಗೆ ಹೋಗುವುದಿಲ್ಲ. ಫ್ರಿಜ್ಜಿನಿಂದ ದೂರ ಕೂರುತ್ತೇನೆ. ಮೊದಲೇ ಒಪ್ಪಿಗೆ ಕೇಳುತ್ತೇನೆ. ಮುಗಿದ ಮೇಲೆ, ಯಾವುದನ್ನಾದರೂ ತೆಗೆದುಹಾಕಬೇಕಾ ಎಂದು ಇನ್ನೊಮ್ಮೆ ಕೇಳುತ್ತೇನೆ. ಜಗಳ, ಜಮೀನಿನ ವಿಚಾರ ಬಂದಿದ್ದರೆ ತೆಗೆಸುತ್ತಾರೆ, ಅದು ಅವರ ಹಕ್ಕು. ಒಂದು ಪ್ರತಿ ಮನೆಯವರಿಗೆ ಕೊಡುತ್ತೇನೆ. ಅವರು ಒಪ್ಪಿದರೆ ಇನ್ನೊಂದು ಪ್ರತಿ ವಿಶ್ವವಿದ್ಯಾಲಯದ ಲೂಸಿಯಾನಾ ಅಧ್ಯಯನ ಕೇಂದ್ರದ ಸಂಗ್ರಹಕ್ಕೆ. ಬರಹಕ್ಕೆ ಇಳಿಸುವಾಗ ಅವರು ಆಡಿದ ಹಾಗೆಯೇ ಬರೆಯುತ್ತೇನೆ, ಪ್ಯಾರಿಸ್‌ನ ವ್ಯಾಕರಣಕ್ಕೆ ತಿದ್ದುವುದಿಲ್ಲ. ತಿದ್ದಿದರೆ ಆ ಹಳೇ ಶಾಲೆ ಮಾಡಿದ್ದನ್ನೇ ನಾನೂ ಮಾಡಿದ ಹಾಗೆ.

ಈ ಧ್ವನಿಗಳು ಬರೀ ಕಪಾಟಿನಲ್ಲಿ ಕೂತರೆ ನನಗೆ ಸಮಾಧಾನವಿಲ್ಲ. ಪರಿಚಯದ ಇಮ್ಮರ್ಶನ್ ಶಾಲೆಯ ಟೀಚರೊಬ್ಬರು ತುಣುಕುಗಳನ್ನು ಮಕ್ಕಳಿಗೆ ಕೇಳಿಸಿದರು. ಮಕ್ಕಳು ಮನೆಯಲ್ಲಿ ಅಜ್ಜ ಅಜ್ಜಿಗೆ ಕೇಳಲು ತಾವೇ ಪ್ರಶ್ನೆ ಬರೆದರು. ಮಗನಿಗೆ ಬಾರದ ಮಾತು ಮೊಮ್ಮಗಳ ಬಾಯಲ್ಲಿ ಕೇಳಿ ಅಜ್ಜನೊಬ್ಬ ಫ್ರೆಂಚಿನಲ್ಲೇ ಉತ್ತರ ಕೊಟ್ಟನಂತೆ. 2023ರಲ್ಲಿ ಪಾಯಿಂಟ್-ಓ-ಶಿಯೆನ್ ಹೆಸರಿನಲ್ಲೇ ಫ್ರೆಂಚ್ ಶಾಲೆ ತೆರೆಯಿತು. ಇಡಾ ಚಂಡಮಾರುತಕ್ಕೆ ಸಿಕ್ಕು ನಲುಗಿದ ಊರಿನ ಮಕ್ಕಳು ಅಲ್ಲಿ ಮುತ್ತಜ್ಜಿಯ ಮಾತು ಕಲಿಯುತ್ತಿದ್ದಾರೆ.

ಈಗ ನನ್ನ ಗಮನ ಸೇಂಟ್ ಮಾರ್ಟಿನ್ ಜಿಲ್ಲೆಯ ಕೂರಿ-ವಿನಿ ಆಡುವ ಹಿರಿಯರ ಕಡೆಗಿದೆ. ಆ ಮಾತು ನನಗೆ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಹಾಗಾಗಿ ಅದನ್ನು ಅಜ್ಜಿಯಿಂದ ಕಲಿತ ಊರಿನ ಹುಡುಗಿಯೊಬ್ಬಳು ಪ್ರಶ್ನೆ ಕೇಳುತ್ತಾಳೆ, ನಾನು ಮೈಕ್ ನೋಡಿಕೊಳ್ಳುತ್ತೇನೆ. ಪ್ರಶ್ನೆಗಳ ಪಟ್ಟಿ ಅವಳೇ ಮಾಡಿದ್ದಾಳೆ: ಕಬ್ಬು ಕಡಿಯುವುದು, ಕೋಳಿ ಸಾಕುವುದು, ಹೊಲಿಗೆ, ಹೆರಿಗೆ.