ಬಾದಾಮಿ ಮಾವಿಗೆ ಬಿಸಿನೀರು: ಚಿಬ್ಬು ರೋಗ ಕಡಿಮೆಯಾದ ನನ್ನ ಅನುಭವ

ಬಾದಾಮಿ ಮಾವು ಬೆಳೆಯುವವರಿಗೆ ಈ ಕಾಟ ಗೊತ್ತೇ ಇರುತ್ತದೆ. ಕೀಳುವಾಗ ಕಾಯಿ ಚೊಕ್ಕವಾಗಿರುತ್ತದೆ, ಬಾಕ್ಸ್ ಗಿರಾಕಿ ಮನೆ ಸೇರಿ ಹಣ್ಣಾಗುವ ಹೊತ್ತಿಗೆ ಮೈಯೆಲ್ಲಾ ಕಪ್ಪು ಚಿಬ್ಬು, ಅಂದರೆ ಆಂಥ್ರಾಕ್ನೋಸ್ ಅನ್ನುವ ಶಿಲೀಂಧ್ರ ರೋಗದ ಮಚ್ಚೆ. ತೊಟ್ಟಿನಿಂದ ನೀರು ಇಳಿದ ದಾರಿಯಲ್ಲೇ ಗೆರೆ ಗೆರೆಯಾಗಿ ಕಪ್ಪಾಗುತ್ತದಲ್ಲ, ಅದೇ. ಕಾಯಿ ಎಳೆಯದಾಗಿದ್ದಾಗಲೇ ರೋಗ ಸಿಪ್ಪೆಯಲ್ಲಿ ಸೇರಿಕೊಂಡು ಸುಮ್ನೆ ಕೂತಿರುತ್ತದೆ. ಶ್ರೀನಿವಾಸಪುರದ ಮಾವಿನ ಮಂಡಿಗೆ ಕಾಯಿ ಹಾಕುವವರಿಗೆ ಇದು ಅಷ್ಟು ತಟ್ಟುವುದಿಲ್ಲ, ಗಾಡಿ ಖಾಲಿಯಾದರೆ ಮುಗಿಯಿತು. ನನ್ನದು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ನೇರ ಮಾರಾಟ. ಮೇ ತಿಂಗಳಲ್ಲಿ ಮಳೆ ಜಾಸ್ತಿ ಬಿದ್ದ ಒಂದು ವರ್ಷ ಗಿರಾಕಿಗಳಿಗೆ ದುಡ್ಡು ವಾಪಸ್ ಕೊಟ್ಟಿದ್ದೇ ಹತ್ತಿರ ಹತ್ತಿರ 70 ಸಾವಿರ.

ಔಷಧಿ ಹೊಡೆಯಲಿಲ್ಲವಾ ಅಂದರೆ, ಹೊಡೆದಿದ್ದೆ. ಹೂವಿನ ಕಾಲಕ್ಕೆ, ಬಟಾಣಿ ಗಾತ್ರಕ್ಕೆ, ಆಮೇಲೆ ಇನ್ನೊಮ್ಮೆ. ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ ಒಂದನ್ನೇ ವರ್ಷಗಟ್ಟಲೆ ಹೊಡೆದು ಹೊಡೆದು ಅದಕ್ಕೆ ರೋಗ ಬಗ್ಗುವುದೇ ನಿಂತಿತ್ತು ಅಂತ ನನ್ನ ಅನುಮಾನ. ನಾಲ್ಕು ಎಕರೆಗೆ ಔಷಧಿ, ಕೂಲಿ ಸೇರಿ 40 ಸಾವಿರದ ಮೇಲೆ ಹೋಗುತ್ತಿತ್ತು. ಹುಳಿ ಮಜ್ಜಿಗೆ, ಬೇವಿನ ಎಣ್ಣೆ ಎಲ್ಲಾ ನೋಡಿದೆ. ಮಜ್ಜಿಗೆ ಬೂದಿ ರೋಗಕ್ಕೆ ಏನಾದರೂ ಮಾಡುತ್ತದೋ ಏನೋ, ಚಿಬ್ಬಿಗಂತೂ ಏನೂ ಮಾಡಲಿಲ್ಲ.

ಆಗ ಹಿಡಿದದ್ದು ಬಿಸಿನೀರು, ಅಂದರೆ ಕಿತ್ತ ಕಾಯಿಯನ್ನು ಬಿಸಿನೀರಿನಲ್ಲಿ ಅದ್ದಿಡುವುದು. 52 ಡಿಗ್ರಿ, 10 ನಿಮಿಷ, ಲೆಕ್ಕ ಇಷ್ಟೇ. ಇದು ಹೊಸದಲ್ಲ, ಓದಿದವರಿಗೆಲ್ಲಾ ಗೊತ್ತು, ಆದರೆ ನಮ್ಮ ಕಡೆ ಮಾಡುವವರಿಲ್ಲ. ಪಕ್ಕದ ತೋಟದವರು ಬಂದು "ಮಾವಿನಹಣ್ಣಿನ ಸಾರು ಮಾಡ್ತಿದ್ದೀಯಾ?" ಅಂತ ನಕ್ಕು ಹೋದರು.

ಮೊದಲ ವರ್ಷ ಅವರು ನಕ್ಕಿದ್ದೇ ಸರಿ ಅನ್ನಿಸುವಂತಾಯಿತು. ಇನ್ನೂರು ಲೀಟರ್ ಡ್ರಮ್ಮು, ಕೆಳಗೆ ಸೌದೆ. ತಳದಲ್ಲಿ 60 ಡಿಗ್ರಿ, ಮೇಲೆ 48. ಒಂದು ಕ್ರೇಟ್ ಇಳಿಸಿದರೆ ನೀರು ತಟ್ಟನೆ ಮೂರ್ನಾಲ್ಕು ಡಿಗ್ರಿ ಇಳಿಯುತ್ತಿತ್ತು. ತಳದ ಹಣ್ಣಿನ ಸಿಪ್ಪೆ ಕಂದು ತಿರುಗಿ ಬೆಂದ ಹಾಗಾಯಿತು, ಮೇಲಿನದಕ್ಕೆ ಚಿಬ್ಬು ಹಾಗೇ ಬಂತು. ಬಲಿಯದ ಕಾಯಿ ಇನ್ನೂ ಬೇಗ ಸುಡುತ್ತದೆ. ಮೂರು ಕ್ವಿಂಟಾಲ್ ಹತ್ತಿರ ಹಾಳು.

ಮುಂದಿನ ವರ್ಷ 500 ಲೀಟರಿನ ಸ್ಟೀಲ್ ತೊಟ್ಟಿ, ಗ್ಯಾಸ್ ಬರ್ನರ್, ನೀರು ತಿರುಗಿಸಲು ಬಿಸಿನೀರು ತಡೆಯುವ ಸಣ್ಣ ಪಂಪು. ಎಲ್ಲಾ ಸೇರಿ 35 ಸಾವಿರ ಆಗಿರಬೇಕು. ಪಂಪೇ ಇದರ ಜೀವ. ಒಂದು ಸಲಕ್ಕೆ 50-60 ಕೆಜಿ, ಜಾಸ್ತಿ ತುಂಬಬಾರದು. ಥರ್ಮಾಮೀಟರ್ ಎರಡು ಇಡಿ, ಒಂದನ್ನು ನಂಬಬೇಡಿ. ತೆಗೆದ ಮೇಲೆ ಫ್ಯಾನ್ ಕೆಳಗೆ ಒಣಗಿಸಿ ಬಾಕ್ಸಿಗೆ. ಕಿತ್ತ ಕಾಯಿಯ ತೊಟ್ಟಿನಿಂದ ಸೊನೆ ಇಳಿದ ಮೇಲೆ ಎಷ್ಟು ಹೊತ್ತಿಗೆ ಅದ್ದಬೇಕು ಅನ್ನುವುದರಲ್ಲಿ ಒಂದು ಕಿತಾಪತಿ ಇದೆ, ಅದನ್ನು ಬರೆಯಲ್ಲ. ನಾನೂ ಹೊಟ್ಟೆ ಹೊರೆಯಬೇಕಲ್ವಾ.

ಬರೀ ನೀರಿನಿಂದ ಆಗಿದ್ದಲ್ಲ, ಅದನ್ನೂ ಹೇಳಬೇಕು. ಕಾಯಿ ಮುಗಿದ ಕೂಡಲೇ ಒಣಗಿದ ರೆಂಬೆ, ತುದಿ ಸತ್ತ ಕಡ್ಡಿ ಎಲ್ಲಾ ಸವರಿ ಸುಟ್ಟೆ, ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಹೊಡೆದೆ. ರೋಗ ಉಳಿಯುವುದೇ ಆ ಒಣಕಡ್ಡಿಯಲ್ಲಿ. ಹತ್ತಕ್ಕೆ ಮೂರ್ನಾಲ್ಕು ಹಣ್ಣು ಕೆಡುತ್ತಿದ್ದ ಕಡೆ ಈಗ ನೂರಕ್ಕೆ ಐದಾರು. ದುಡ್ಡು ವಾಪಸ್ ಕೇಳುವವರು ಇಲ್ಲವೇ ಇಲ್ಲ ಅನ್ನಬಹುದು.

ನಡುವೆ ಒಂದು ತಮಾಷೆಯ ಪರೀಕ್ಷೆ. ಕೀಳುವ ಮುಂಚೆ ನಾಲ್ಕಾರು ಹಸಿ ಕಾಯಿ ತಂದು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಆಮೇಲೆ ಒದ್ದೆ ಬಟ್ಟೆ ಹಾಕಿದ ಡಬ್ಬಿಯಲ್ಲಿ ಮುಚ್ಚಿಟ್ಟರೆ, ಒಳಗೆ ಅಡಗಿದ ರೋಗ ಕೆಲವೇ ದಿನಕ್ಕೆ ಹೊರಗೆ ಬರುತ್ತದೆ. ಕಪ್ಪು ಮಚ್ಚೆಯ ಮೇಲೆ ಕಿತ್ತಳೆ-ಗುಲಾಬಿ ಬಣ್ಣದ ಅಂಟು ಹನಿಗಳು ಸಾಸಿವೆಗಿಂತ ಸಣ್ಣಗೆ ಏಳುತ್ತವೆ. ಯಾವ ಸಾಲಿನ ಮರದ್ದು ಜಾಸ್ತಿ ಎದ್ದಿತೋ ಆ ಸಾಲಿನ ಹಣ್ಣು ದೂರದ ಗಿರಾಕಿಗೆ ಕಳಿಸಲ್ಲ. ಮನೆಯವರು ಫ್ರೀಜರಿಗಾಗಿ ಬೈದದ್ದು ಬೇರೆ. ಇದೇ ಉಮೇದಿನಲ್ಲಿ ಮೆಣಸಿನಕಾಯಿ ಬೀಜವನ್ನೂ 52 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟೆ. ಹಣ್ಣು ಕೊಳೆ ಕಡಿಮೆ ಆದ ಹಾಗೇ ಕಂಡಿತು, ಮೊಳಕೆಯೂ ಕಡಿಮೆ ಆಯಿತು.

ಗ್ಯಾಸ್, ಕೂಲಿ ಸೇರಿ ಕೆಜಿಗೆ ಎರಡು ಎರಡೂವರೆ ರೂಪಾಯಿ ಬೀಳುತ್ತದೆ. ಸಾರು ಅಂತ ನಕ್ಕವರು ಹೋದ ಸೀಸನ್ನಿನಲ್ಲಿ ತಮ್ಮ ಕ್ರೇಟುಗಳನ್ನೂ ಟ್ರ್ಯಾಕ್ಟರಿನಲ್ಲಿ ತಂದರು. ಕೆಜಿಗೆ ನಾಲ್ಕು ರೂಪಾಯಿ ತಗೊಂಡೆ. ಮಲ್ಲಿಕಾ ತಳಿಯ ಮಾವು ಮಾತ್ರ 10 ನಿಮಿಷ ತಡೆಯುತ್ತಿಲ್ಲ, ಏಳೆಂಟಕ್ಕೆ ತೆಗೆದು ನೋಡುತ್ತಿದ್ದೇನೆ.